ಒಪ್ಪಿಗೆ ಪತ್ರಕ್ಕೂ ನೆಲಕ್ಕೂ ನಡುವೆ: ವಿದೇಶಿ ಹೂಡಿಕೆ ಉತ್ತೇಜನಾ ಮಂಡಳಿ, 1991–2017

1991ರ ಜುಲೈ 24ರಂದು ಲೋಕಸಭೆಯ ಮುಂದೆ ಎರಡು ಕಾಗದಗಳು ಬಂದವು. ಒಂದು ಮನಮೋಹನ್ ಸಿಂಗ್ ಅವರ ಬಜೆಟ್. ಅದನ್ನು ದೇಶ ಇನ್ನೂ ಮರೆತಿಲ್ಲ. ಇನ್ನೊಂದನ್ನು ಅದಕ್ಕೆ ಕೆಲವೇ ಗಂಟೆ ಮೊದಲು ಕೈಗಾರಿಕಾ ಖಾತೆಯ ರಾಜ್ಯ ಸಚಿವ ಪಿ.ಜೆ. ಕುರಿಯನ್ ಹೆಚ್ಚು ಸದ್ದಿಲ್ಲದೆ ಸದನದ ಮೇಜಿನ ಮೇಲಿಟ್ಟರು. ಕೈಗಾರಿಕಾ ಖಾತೆಯನ್ನು ಪ್ರಧಾನಿ ಪಿ.ವಿ. ನರಸಿಂಹ ರಾವ್ ತಮ್ಮಲ್ಲೇ ಇಟ್ಟುಕೊಂಡಿದ್ದರು. ಹದಿನೆಂಟು ಉದ್ಯಮಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸ್ ರದ್ದು ಮಾಡಿದ ಆ ನೀತಿ ಹೇಳಿಕೆಯ ನಡುವೆ, ಬೇರೆ ಗದ್ದಲದಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಮಾತಿತ್ತು. ಜಗತ್ತಿನ ದೊಡ್ಡ ಕಂಪನಿಗಳ ಜತೆ ಮಾತುಕತೆ ನಡೆಸಿ ನೇರ ಬಂಡವಾಳಕ್ಕೆ ಒಪ್ಪಿಗೆ ಕೊಡಲು ವಿಶೇಷ ಅಧಿಕಾರವುಳ್ಳ ಒಂದು ಮಂಡಳಿ ಬರಲಿದೆ. ಬಂದ ಪ್ರಸ್ತಾವವನ್ನು ಅದು ಮೊದಲೇ ಕಟ್ಟಿಟ್ಟ ಮಾನದಂಡ, ವಿಧಿವಿಧಾನಗಳಿಗೆ ಸಿಕ್ಕಿಸದೆ ಇಡಿಯಾಗಿ ನೋಡಲಿದೆ.

ಸರ್ಕಾರವೊಂದು ತಾನು ಕಟ್ಟುವ ಸಂಸ್ಥೆಗೆ ನಿಯಮವೇ ಇರುವುದಿಲ್ಲ ಎಂದು ಮುಂಚಿತವಾಗಿ ಬರೆದುಕೊಡುವುದು ನಮ್ಮ ಆಡಳಿತದ ಚರಿತ್ರೆಯಲ್ಲಿ ಅಪರೂಪ. ಆ ಸಾಲಿನಿಂದ ಹುಟ್ಟಿದ್ದೇ ವಿದೇಶಿ ಹೂಡಿಕೆ ಉತ್ತೇಜನಾ ಮಂಡಳಿ, ಉದ್ಯಮಿಗಳ ಬಾಯಲ್ಲಿ ಎಫ್‌ಐಪಿಬಿ. ಮುಂದಿನ ಇಪ್ಪತ್ತಾರು ವರ್ಷ ಅದು ಮೂರು ಕಚೇರಿಗಳಲ್ಲಿ ಬಾಳಿತು.

ವಿದೇಶಿ ಹಣದ ಬಗ್ಗೆ ಸ್ವತಂತ್ರ ಭಾರತದ ನಿಲುವು ಮೊದಲಿನಿಂದಲೂ ಇಬ್ಬಗೆಯದು. 1949ರ ಏಪ್ರಿಲ್ 6ರಂದು ಜವಾಹರಲಾಲ್ ನೆಹರೂ ಕೊಟ್ಟ ಹೇಳಿಕೆ ಸಾಕಷ್ಟು ಉದಾರವಾಗಿಯೇ ಇತ್ತು. ವಿದೇಶಿ ಕಂಪನಿಗೆ ಸ್ವದೇಶಿ ಕಂಪನಿಗಿಂತ ಬೇರೆ ಕಟ್ಟಳೆಯಿಲ್ಲ, ಲಾಭವನ್ನು ಹೊರಗೆ ಕಳಿಸಲು ಅಡ್ಡಿಯಿಲ್ಲ, ಸರ್ಕಾರ ಸ್ವಾಧೀನಪಡಿಸಿಕೊಂಡರೆ ನ್ಯಾಯವಾದ ಪರಿಹಾರ ಉಂಟು ಎಂದು ಅದು ಭರವಸೆ ಕೊಟ್ಟಿತ್ತು. 1950ರ ದಶಕದಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಜರ್ಮನಿಯ ಬಾಷ್ ಪಾಲುದಾರಿಕೆಯ ಮೈಕೋ ಎದ್ದು ನಿಂತದ್ದು ಇದೇ ವಾತಾವರಣದಲ್ಲಿ. ಅದೇ ದಶಕದಲ್ಲಿ, 1956ರಲ್ಲಿ, ಮೈಸೂರು ಸರ್ಕಾರ ಕೋಲಾರದ ಚಿನ್ನದ ಗಣಿಗಳನ್ನು ಬ್ರಿಟಿಷ್ ಕಂಪನಿಗಳ ಕೈಯಿಂದ ತನ್ನ ವಶಕ್ಕೆ ತೆಗೆದುಕೊಂಡಿತು. ಆಡುಗೋಡಿಗೂ ಕೆಜಿಎಫ್‌ಗೂ ನಡುವಿನ ಅಂತರ ನೂರು ಕಿಲೋಮೀಟರ್‌ಗಿಂತ ಕಡಿಮೆ.

1968ರಲ್ಲಿ ವಿದೇಶಿ ಹೂಡಿಕೆ ಮಂಡಳಿ ಎಂಬ ಹೆಸರಿನ ಒಂದು ಸಂಸ್ಥೆ ಬಂತು. ಅದರ ಹೆಸರಿನಲ್ಲಿ ‘ಉತ್ತೇಜನ’ ಇರಲಿಲ್ಲ, ಅದರ ಉದ್ದೇಶದಲ್ಲೂ ಇರಲಿಲ್ಲ. ಶೇಕಡ 40ರೊಳಗಿನ ಪಾಲಿನ ಅರ್ಜಿಗಳು ಅದರ ಮುಂದೆ, ಅದಕ್ಕೆ ಮೇಲ್ಪಟ್ಟವು ಸಂಪುಟ ಸಮಿತಿಯ ಮುಂದೆ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ, ಅಂದರೆ ಫೆರಾ, ಆ ನಲವತ್ತರ ಗೆರೆಯನ್ನು ಕಲ್ಲಿನ ಮೇಲೆ ಕೆತ್ತಿತು. ಜನತಾ ಸರ್ಕಾರದಲ್ಲಿ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾಗಿದ್ದಾಗ ಕೋಕ-ಕೋಲ ಪಾಲು ಇಳಿಸಲೂ ಸೂತ್ರ ಹಂಚಿಕೊಳ್ಳಲೂ ಒಪ್ಪದೆ 1977ರಲ್ಲಿ ಗಂಟುಮೂಟೆ ಕಟ್ಟಿತು. 1978ರಲ್ಲಿ ಐಬಿಎಂ ಹೋಯಿತು. ಕೋಕ್ ಜಾಗಕ್ಕೆ ಸರ್ಕಾರವೇ ತಂದ ‘ಡಬಲ್ ಸೆವೆನ್’ ಪಾನೀಯದ ಸೂತ್ರ ರೂಪುಗೊಂಡದ್ದು ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ. ಪಾನೀಯ ಬಹುಕಾಲ ಬಾಳಲಿಲ್ಲ. ಪ್ರಯೋಗಾಲಯದವರ ತಪ್ಪೇನೂ ಅದರಲ್ಲಿರಲಿಲ್ಲ. ತಂಪು ಪಾನೀಯ ಮಾರುವುದು ಸರ್ಕಾರದ ಕೆಲಸವಲ್ಲವೆಂದು ತಿಳಿಯಲು ಇಷ್ಟು ದುಬಾರಿ ಪಾಠ ಬೇಕಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ.

ಎಂಬತ್ತರ ದಶಕದಲ್ಲಿ ಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿಗಳು ತೆರೆದವು. 1982ರಲ್ಲಿ ಮಾರುತಿಯ ಜತೆ ಸುಜುಕಿ ಬಂತು, ಶೇಕಡ 26ರ ಪಾಲಿನೊಡನೆ. 1985ರಲ್ಲಿ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸ ಕೇಂದ್ರ ತೆರೆಯಿತು. ಅದರ ಉಪಗ್ರಹ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂದ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಹೆಚ್ಚು ಮುಖ್ಯವಾದದ್ದು ಬೇರೆ: ಮಾಡಿದ್ದನ್ನೆಲ್ಲ ರಫ್ತು ಮಾಡುವ ಘಟಕವಾದ್ದರಿಂದ ಫೆರಾ ಕಾಲದಲ್ಲೇ ಅದಕ್ಕೆ ಪೂರ್ಣ ವಿದೇಶಿ ಒಡೆತನ ಸಿಕ್ಕಿತು. ಪಂಜಾಬಿನಲ್ಲಿ ಪೆಪ್ಸಿಗೆ 1988ರಲ್ಲಿ ಸಿಕ್ಕ ಒಪ್ಪಿಗೆಯ ಷರತ್ತುಗಳನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಆಮದು ಮಾಡಿದ್ದರ ಐದು ಪಟ್ಟು ರಫ್ತು, ಪಂಜಾಬ್ ಆಗ್ರೋ ಮತ್ತು ವೋಲ್ಟಾಸ್ ಜತೆ ಪಾಲುದಾರಿಕೆ, ಸಾಲದ್ದಕ್ಕೆ ‘ಲೆಹರ್’ ಎಂಬ ದೇಶಿ ಹೆಸರಿನ ಮುಸುಕು. ಕೊಳ್ಳುವವನಿಗೆ ಒಳಗಿರುವುದು ಪೆಪ್ಸಿಯೇ ಎಂದು ಗೊತ್ತಿತ್ತು, ಸರ್ಕಾರಕ್ಕೂ ಗೊತ್ತಿತ್ತು.

1991ರ ಬೇಸಿಗೆಗೆ ಬಂದರೆ ವಿದೇಶಿ ವಿನಿಮಯ ಸಂಗ್ರಹ ನೂರಿಪ್ಪತ್ತು ಕೋಟಿ ಡಾಲರ್ ಆಸುಪಾಸಿಗೆ ಇಳಿದಿತ್ತು, ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟು. ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಲಂಡನ್‌ಗೆ ಅಡವಿಗೆ ಹೋಯಿತು. ಸಾಲ ತಂದರೆ ತೀರಿಸಬೇಕು, ಕಾರ್ಖಾನೆ ಕಟ್ಟಲು ಬಂದ ಹಣವನ್ನು ಯಾರೂ ಮರುದಿನ ವಾಪಸು ಕೇಳುವುದಿಲ್ಲ. ಈ ಸರಳ ಲೆಕ್ಕದ ಮೇಲೆ ಹೊಸ ನೀತಿ ಎರಡು ಬಾಗಿಲು ತೆರೆಯಿತು. ಆದ್ಯತೆಯ 34 ಉದ್ಯಮಗಳಲ್ಲಿ ಶೇಕಡ 51ರವರೆಗಿನ ಪಾಲಿಗೆ ರಿಸರ್ವ್ ಬ್ಯಾಂಕ್ ತಾನಾಗಿಯೇ ಅನುಮತಿ ಕೊಡುವುದು ಒಂದು. ಅದೇ ‘ಸ್ವಯಂಚಾಲಿತ ಮಾರ್ಗ’. ಆ ಪಟ್ಟಿಗೆ ಸೇರದವರು, ಪೂರ್ಣ ಒಡೆತನ ಬೇಕೆನ್ನುವವರು, ಕೋಕ್‌ನಂಥ ಹಳೆಯ ಜಗಳಗಂಟರು, ಇವರೆಲ್ಲ ಮಂಡಳಿಯ ಬಾಗಿಲಿಗೆ ಬರಬೇಕು.

ಮಂಡಳಿ ಕೂತದ್ದು ಪ್ರಧಾನಿಯವರ ಕಚೇರಿಯಲ್ಲಿ. ಅಧ್ಯಕ್ಷತೆ ಪ್ರಧಾನಿಯ ಪ್ರಧಾನ ಕಾರ್ಯದರ್ಶಿ ಅಮರನಾಥ ವರ್ಮಾ ಅವರದು. ಹಣಕಾಸು, ವಾಣಿಜ್ಯ, ಕೈಗಾರಿಕೆ ಇಲಾಖೆಗಳ ಕಾರ್ಯದರ್ಶಿಗಳು ಸುತ್ತ. ಹೊರಗಿನವರಿಗೆ ಸಣ್ಣ ಸಂಗತಿ ಅನಿಸಬಹುದು, ಆದರೆ ದೆಹಲಿಯ ಕಡತಗಳ ಪಯಣ ಬಲ್ಲವರಿಗೆ ಇದರ ಬೆಲೆ ಗೊತ್ತು. ಮೂರು ಇಲಾಖೆಗಳ ಕಾರ್ಯದರ್ಶಿಗಳು ಒಂದೇ ಮೇಜಿಗೆ ಕೂತರೆ, ಒಂದು ಇಲಾಖೆ ಬರೆದ ಟಿಪ್ಪಣಿಗೆ ಇನ್ನೊಂದು ಇಲಾಖೆ ಆಕ್ಷೇಪ ಬರೆದು ಕಳಿಸುವ ಆರು ತಿಂಗಳ ಆಟ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ವರ್ಮಾ ಹಿಂದೆ ಕೈಗಾರಿಕಾ ಕಾರ್ಯದರ್ಶಿಯಾಗಿ ದುಡಿದವರು. ಲೈಸೆನ್ಸ್ ಯಂತ್ರ ಎಲ್ಲೆಲ್ಲಿ ಕಚ್ಚಿಕೊಳ್ಳುತ್ತದೆ ಎಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು, ಮತ್ತು ಅವರು ಹೇಳಿದ್ದು ಪ್ರಧಾನಿ ಹೇಳಿದ್ದಕ್ಕೆ ಸಮ ಎಂಬುದು ಉಳಿದವರಿಗೆ ಗೊತ್ತಿತ್ತು. ಅರ್ಜಿಗೆ ಶುಲ್ಕವಿರಲಿಲ್ಲ. ನಿಗದಿತ ನಮೂನೆಯೂ ಕಡ್ಡಾಯವಲ್ಲ, ವಿವರವೆಲ್ಲ ಬರೆದ ಬಿಳಿ ಹಾಳೆ ಸಾಕು ಎಂಬ ಪದ್ಧತಿ ಮುಂದೆಯೂ ಉಳಿಯಿತು.

ಐಬಿಎಂ 1992ರಲ್ಲಿ ಟಾಟಾ ಜತೆಗೂಡಿ ಮರಳಿತು, ಈ ಬಾರಿ ಬೆಂಗಳೂರಿಗೆ. 1993ರ ಅಕ್ಟೋಬರ್‌ನಲ್ಲಿ ಆಗ್ರಾದಲ್ಲಿ ಕೋಕ್ ಮತ್ತೆ ಮಾರಾಟಕ್ಕೆ ಬಂತು. ಹೋದವರು ಹಿಂತಿರುಗಿದ್ದು ಮಂಡಳಿಯ ಮೊದಲ ದೊಡ್ಡ ಜಾಹೀರಾತು. ಆದರೆ ಒಪ್ಪಿಗೆ ಪತ್ರಗಳ ಕೆಳಭಾಗದಲ್ಲಿ ಷರತ್ತುಗಳು ಇದ್ದೇ ಇದ್ದವು. ಬಳಕೆ ಸರಕಿನ 22 ಉದ್ಯಮಗಳಲ್ಲಿ ಹೊರಗೆ ಕಳಿಸುವ ಡಿವಿಡೆಂಡ್‌ಗೆ ಸಮನಾಗಿ ಏಳು ವರ್ಷಗಳ ಕಾಲ ರಫ್ತು ಗಳಿಕೆ ತೋರಿಸಬೇಕು. ಈ ನಿಯಮ ಹೋದದ್ದು 2000ದಲ್ಲಿ. ಬಾಟ್ಲಿಂಗ್ ಘಟಕಗಳನ್ನು ಕೊಳ್ಳಲು ಹೊರಟ ಕೋಕ್‌ಗೆ, ಐದು ವರ್ಷದೊಳಗೆ ಶೇಕಡ 49ರಷ್ಟನ್ನು ಭಾರತೀಯರಿಗೆ ಬಿಟ್ಟುಕೊಡುವ ಕರಾರು. ಗಡುವು ಹತ್ತಿರ ಬಂದಾಗ ಕಂಪನಿ ಅದೇ ಬಾಗಿಲಿಗೆ ಬಂದು ವಿನಾಯಿತಿ ಕೇಳಿತು. ಇಂಥ ಕರಾರುಗಳಲ್ಲಿ ಒಂದು ವಿಚಿತ್ರವಿದೆ. ಒಳಗೆ ಬರುವ ದಿನ ಎಲ್ಲರೂ ಸಹಿ ಹಾಕುತ್ತಾರೆ. ಪಾಲಿಸಬೇಕಾದ ದಿನ ಕಂಪನಿ ಇಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟು ಕೂತಿರುತ್ತದೆ, ಚೌಕಾಸಿಯ ಬಲ ಅದರ ಕಡೆಗೆ ವಾಲಿರುತ್ತದೆ. ಪೆಪ್ಸಿಯ ರಫ್ತು ಷರತ್ತಿಗೂ ಇದೇ ಗತಿಯಾಯಿತು.

ಲಿಖಿತ ಮಾರ್ಗಸೂಚಿ ಇಲ್ಲದೆ ಮಂಡಳಿ ಐದೂವರೆ ವರ್ಷ ನಡೆಯಿತು. ಅದರಿಂದ ವೇಗ ಬಂತು ಎನ್ನುವವರೂ ಇದ್ದಾರೆ, ಒಂದೇ ಬಗೆಯ ಎರಡು ಅರ್ಜಿಗೆ ಎರಡು ಬಗೆಯ ಉತ್ತರ ಬಂತು ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ನಿಜ. ‘ಕಂಪ್ಯೂಟರ್ ಚಿಪ್ ಬರಲಿ, ಆಲೂಗಡ್ಡೆ ಚಿಪ್ಸ್ ಬೇಡ’ ಎಂದು ಆಗಿನ ವಿರೋಧ ಪಕ್ಷ ಬಿಜೆಪಿ ಕೂಗಿದಾಗ ಮಂಡಳಿಯ ಕೈಯಲ್ಲಿ ತೋರಿಸಲು ಒಂದು ಪಟ್ಟಿಯೂ ಇರಲಿಲ್ಲ.

ಅಸಲಿ ಪರೀಕ್ಷೆ ನಡೆದದ್ದು ಮಾತ್ರ ದೆಹಲಿಯಿಂದ ದೂರ, ಬಹುಮಟ್ಟಿಗೆ ನಮ್ಮ ರಾಜ್ಯದಲ್ಲಿ.

1992ರ ಡಿಸೆಂಬರ್ 29ರಂದು ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. ಮುಂದಿನ ಜುಲೈನಲ್ಲಿ ಬಳ್ಳಾರಿಯಲ್ಲಿ ಅದೇ ಕಂಪನಿ ಕಟ್ಟುತ್ತಿದ್ದ ಬೀಜ ಘಟಕದ ಮೇಲೆ ದಾಳಿಯಾಯಿತು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ವಾದ ಬರೀ ಒಂದು ಕಂಪನಿಯ ವಿರುದ್ಧ ಇರಲಿಲ್ಲ. ಜಾಗತಿಕ ವ್ಯಾಪಾರದ ಗ್ಯಾಟ್ ಮಾತುಕತೆಯಲ್ಲಿ ಸಿದ್ಧವಾದ ಡಂಕೆಲ್ ಕರಡು ರೈತನ ಬೀಜದ ಹಕ್ಕನ್ನು ಕಸಿಯುತ್ತದೆ, ವಿದೇಶಿ ಬಂಡವಾಳ ಅದರ ಮುಂದಾಳು ಎಂಬುದು ಅವರ ನಿಲುವು. ಕಡತ ಸುಟ್ಟದ್ದನ್ನು ಸಮರ್ಥಿಸಲಾಗದು. ಆದರೆ ಆ ಹೊತ್ತಿನಲ್ಲಿ ಡಂಕೆಲ್ ಕರಡಿನ ವಿವರಗಳನ್ನು ಕರ್ನಾಟಕದ ಹಳ್ಳಿಗಳಲ್ಲಿ ಕೂತು ಚರ್ಚಿಸಿದವರು ರೈತ ಸಂಘದವರೇ ಹೊರತು ಸರ್ಕಾರದ ಕಡೆಯವರು ಯಾರೂ ಅಲ್ಲ ಎಂಬುದನ್ನೂ ಚರಿತ್ರೆ ಬರೆಯುವವರು ದಾಖಲಿಸಬೇಕು. ಹೆಸರಿನಲ್ಲಿ ‘ಉತ್ತೇಜನ’ ಹೊತ್ತ ಮಂಡಳಿಗೆ ಹೂಡಿಕೆದಾರರನ್ನು ಒಲಿಸುವುದಷ್ಟೇ ಗೊತ್ತಿತ್ತು, ಹೂಡಿಕೆ ಇಳಿಯುವ ಊರಿನವರನ್ನು ಒಲಿಸುವುದು ಯಾರ ಕೆಲಸವೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ.

1995ರ ಜೂನ್‌ನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಂಟುಕಿ ಫ್ರೈಡ್ ಚಿಕನ್ ದೇಶದ ತನ್ನ ಮೊದಲ ಅಂಗಡಿ ತೆರೆಯಿತು. ದೆಹಲಿಯ ಅನುಮತಿ ಕಿಸೆಯಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಮಹಾನಗರ ಪಾಲಿಕೆ, ಕೋಳಿಗೆ ಹಚ್ಚುವ ಮಸಾಲೆಯಲ್ಲಿ ಮೊನೊಸೋಡಿಯಂ ಗ್ಲುಟಮೇಟ್ ಮಿತಿ ಮೀರಿದೆಯೆಂದು ಹೇಳಿ ಲೈಸೆನ್ಸ್ ರದ್ದು ಮಾಡಿತು. ಹೈಕೋರ್ಟ್ ಕಂಪನಿಯ ನೆರವಿಗೆ ಬಂತು, ಅಂಗಡಿ ಮತ್ತೆ ತೆರೆಯಿತು. 1996ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನವನ್ನೇ ಆಯ್ದುಕೊಂಡು, ರೈತ ಸಂಘದವರು ಅದರ ಗಾಜು ಪುಡಿ ಮಾಡಿದರು. ಪ್ರಧಾನಿ ಕಚೇರಿಯಲ್ಲಿ ಕೂತ ಅತ್ಯುನ್ನತ ಮಂಡಳಿಯ ಕಾಗದ ಒಂದು ಕಡೆ, ಪಾಲಿಕೆಯ ಆರೋಗ್ಯ ವಿಭಾಗದ ನೋಟಿಸು ಇನ್ನೊಂದು ಕಡೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಯನ್ನು ಅಮೆರಿಕದ ಪತ್ರಕರ್ತರು ಕೇಳಿರಲಿಲ್ಲ. ಹಾಗಾಗಿ ಅವರು ಉದ್ದುದ್ದ ವಿಶ್ಲೇಷಣೆ ಬರೆದರು.

ಕೋಜೆಂಟ್ರಿಕ್ಸ್ ಪ್ರಸಂಗ ಇವೆರಡಕ್ಕಿಂತ ಆಳವಾದದ್ದು, ಹೆಚ್ಚು ಕಾಲ ಎಳೆದದ್ದು. ವಿದ್ಯುತ್ ಕ್ಷೇತ್ರವನ್ನು ಖಾಸಗಿಗೆ ತೆರೆದ ಕೇಂದ್ರ ಸರ್ಕಾರ ಎಂಟು ಯೋಜನೆಗಳನ್ನು ‘ಫಾಸ್ಟ್ ಟ್ರ್ಯಾಕ್’ ಎಂದು ಕರೆದು, ರಾಜ್ಯ ವಿದ್ಯುತ್ ಮಂಡಳಿಗಳು ಹಣ ಕೊಡದಿದ್ದರೆ ತಾನು ಕೊಡುವೆನೆಂಬ ಪ್ರತಿ-ಖಾತರಿಗೆ ಒಪ್ಪಿತು. ಮಹಾರಾಷ್ಟ್ರದ ಎನ್ರಾನ್ ಅದರಲ್ಲಿ ಒಂದು, ಮಂಗಳೂರಿಗೆ ಉತ್ತರದ ಕರಾವಳಿಯಲ್ಲಿ ನಂದಿಕೂರಿನ ಬಳಿ ಬರಬೇಕಿದ್ದ ಕೋಜೆಂಟ್ರಿಕ್ಸ್‌ನ 1000 ಮೆಗಾವಾಟ್ ಕಲ್ಲಿದ್ದಲು ಸ್ಥಾವರ ಇನ್ನೊಂದು. ಅಮೆರಿಕದ ಕಂಪನಿಯ ಜತೆ ಹಾಂಗ್‌ಕಾಂಗ್‌ನ ಚೀನಾ ಲೈಟ್ ಅಂಡ್ ಪವರ್ ಪಾಲುದಾರ. ಹಾರುಬೂದಿ ಎಲ್ಲಿ ಹೋಗಬೇಕು, ಬಿಸಿನೀರು ಕಡಲಿಗೆ ಬಿದ್ದರೆ ಮೀನಿನ ಗತಿಯೇನು, ಘಟ್ಟದ ಕಾಡಿಗೆ ಏನಾದೀತು, ವಿದ್ಯುತ್ ದರ ಯಾರ ತಲೆಗೆ ಎಂಬ ಪ್ರಶ್ನೆಗಳನ್ನು ಕರಾವಳಿಯ ಪರಿಸರವಾದಿಗಳು, ಮೀನುಗಾರರು, ಕೃಷಿಕರು ಬೀದಿಯಲ್ಲೂ ನ್ಯಾಯಾಲಯದಲ್ಲೂ ಕೇಳಿದರು. ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಖಾತರಿಯ ಕಾಗದ ಇಲಾಖೆಯಿಂದ ಇಲಾಖೆಗೆ ಓಡಾಡುತ್ತಲೇ ಇತ್ತು. 1999ರ ಡಿಸೆಂಬರ್‌ನಲ್ಲಿ ಕಂಪನಿ ಕೈತೊಳೆದುಕೊಂಡು ಹೊರಟಿತು. ಅದೇ ಭಾಗದಲ್ಲಿ ಮುಂದೆ ದೇಶಿ ಬಂಡವಾಳದ ಕಲ್ಲಿದ್ದಲು ಸ್ಥಾವರ ಎದ್ದಿತು, ಅದೇ ಆಕ್ಷೇಪಗಳು ಅದಕ್ಕೂ ಎದುರಾದವು. ಇದನ್ನು ನೋಡಿದರೆ ಜನರ ಜಗಳ ಹಣ ಎಲ್ಲಿಂದ ಬಂತು ಎಂಬುದರ ಜತೆಗಿಂತ ಹೆಚ್ಚಾಗಿ ಬೂದಿ ಎಲ್ಲಿ ಬೀಳುತ್ತದೆ ಎಂಬುದರ ಜತೆ ಇತ್ತೆಂದು ನನಗೆ ತೋರುತ್ತದೆ.

ಹಾಗೆಂದು ಕರ್ನಾಟಕವನ್ನು ಬಂಡವಾಳ ಓಡಿಸಿದ ನಾಡೆಂದು ಬರೆಯುವುದೂ ಸುಳ್ಳಾಗುತ್ತದೆ. ಕೋಜೆಂಟ್ರಿಕ್ಸ್ ಹೊರಟ ಅದೇ ತಿಂಗಳು ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಕೆಲಸ ಆರಂಭಿಸಿತ್ತು. 1997ರಲ್ಲಿ ಕಿರ್ಲೋಸ್ಕರ್ ಜತೆ ಸೇರಿ, ಬಹುಪಾಲು ಒಡೆತನ ತನ್ನಲ್ಲೇ ಇಟ್ಟುಕೊಂಡು ಬಂದ ಕಂಪನಿ ಅದು. ಕ್ವಾಲಿಸ್ ಗಾಡಿ ವರ್ಷಾಂತರದಲ್ಲಿ ಊರೂರಿನ ಟ್ಯಾಕ್ಸಿ ಸ್ಟ್ಯಾಂಡ್ ಸೇರಿತು. ಹೊಸಕೋಟೆಯಲ್ಲಿ ವೋಲ್ವೊ ಲಾರಿ ಬಂತು, 2000ದಲ್ಲಿ ವೈಟ್‌ಫೀಲ್ಡ್‌ನಲ್ಲಿ ಜನರಲ್ ಎಲೆಕ್ಟ್ರಿಕ್ ಸಂಶೋಧನಾ ಕೇಂದ್ರ. ಇವು ದೆಹಲಿಯ ಕಾಗದದ ಜತೆಗೆ ಇಲ್ಲಿ ನೆಲ, ನೀರು, ವಿದ್ಯುತ್ತನ್ನು ಜೋಡಿಸಿಕೊಡುವ ರಾಜ್ಯದ ಯಂತ್ರವೂ ಓಡಿದ ಕಡೆ ನಿಂತ ಹೂಡಿಕೆಗಳು. ಎಸ್.ಎಂ. ಕೃಷ್ಣ ಅವರ ಸರ್ಕಾರ 2000ದ ಜೂನ್‌ನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಸಿದ್ದು, 2002ರಲ್ಲಿ ಕೈಗಾರಿಕಾ ಸೌಲಭ್ಯ ಕಾಯಿದೆ ತಂದು ಏಕಗವಾಕ್ಷಿಗೆ ಶಾಸನದ ಬಲ ಕೊಟ್ಟದ್ದು, ಕರ್ನಾಟಕ ಉದ್ಯೋಗ ಮಿತ್ರವನ್ನು ಅದರ ಕಾರ್ಯಾಲಯವಾಗಿಸಿದ್ದು, ಎಲ್ಲವೂ ಮಂಡಳಿ ಕೈಹಾಕಲಾಗದ ಜಾಗವನ್ನು ತುಂಬುವ ಪ್ರಯತ್ನಗಳು. ತೊಂಬತ್ತರ ದಶಕದಲ್ಲಿ ದೆಹಲಿ ಒಪ್ಪಿಗೆ ಕೊಟ್ಟ ಮೊತ್ತದಲ್ಲಿ ದೇಶಕ್ಕೆ ನಿಜವಾಗಿ ಬಂದ ಹಣ ಅರ್ಧಕ್ಕಿಂತ ಕಡಿಮೆ. ಪತ್ರಿಕೆಗಳು ಒಪ್ಪಿಗೆಯ ಮೊತ್ತವನ್ನು ದಪ್ಪಕ್ಷರದಲ್ಲಿ ಹಾಕುತ್ತಿದ್ದವು, ಬಂದ ಮೊತ್ತ ರಿಸರ್ವ್ ಬ್ಯಾಂಕಿನ ಬುಲೆಟಿನ್‌ನ ಒಳಪುಟದಲ್ಲಿ ಇರುತ್ತಿತ್ತು.

1996ರಲ್ಲಿ ಮಂಡಳಿ ಮನೆ ಬದಲಿಸಿತು. ನರಸಿಂಹ ರಾವ್ ಸರ್ಕಾರ ಸೋತಿತು, ವರ್ಮಾ ಹೋದರು, ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಬ್ರಿಗೇಡ್ ರಸ್ತೆಯ ಗಾಜು ಒಡೆದಾಗ ಇಲ್ಲಿ ಮುಖ್ಯಮಂತ್ರಿಯಾಗಿದ್ದವರು ಅವರೇ. ಅವರ ಕಾಲದಲ್ಲಿ ಮಂಡಳಿ ಪ್ರಧಾನಿ ಕಚೇರಿ ಬಿಟ್ಟು ಮುರಸೋಳಿ ಮಾರನ್ ಅವರ ಕೈಗಾರಿಕಾ ಸಚಿವಾಲಯಕ್ಕೆ ಬಂತು, ಕೈಗಾರಿಕಾ ಕಾರ್ಯದರ್ಶಿ ಅಧ್ಯಕ್ಷರಾದರು. ಹೂಡಿಕೆದಾರರನ್ನು ಹುಡುಕಿಕೊಂಡು ಹೋಗಲು ಪ್ರತ್ಯೇಕವಾಗಿ ವಿದೇಶಿ ಹೂಡಿಕೆ ಉತ್ತೇಜನಾ ಪರಿಷತ್ತು ರಚನೆಯಾಯಿತು. 1997ರ ಜನವರಿಯಲ್ಲಿ ಕೊನೆಗೂ ಲಿಖಿತ ಮಾರ್ಗಸೂಚಿ ಹೊರಬಿತ್ತು: ಮೂಲಸೌಕರ್ಯ, ರಫ್ತು, ಗ್ರಾಮೀಣ ಉದ್ಯೋಗ, ಕೃಷಿಗೆ ಕೊಂಡಿಯಿರುವ ಉದ್ಯಮ, ಆಸ್ಪತ್ರೆ, ಜೀವರಕ್ಷಕ ಔಷಧಿ ಇವಕ್ಕೆ ಆದ್ಯತೆ. ದೇವೇಗೌಡರು ಅದೇ ವರ್ಷ ದಾವೋಸ್‌ನ ವಿಶ್ವ ಆರ್ಥಿಕ ವೇದಿಕೆಗೂ ಹೋಗಿಬಂದರು. ಭಾರತದ ಪ್ರಧಾನಿಯೊಬ್ಬರು ಮತ್ತೆ ಅಲ್ಲಿಗೆ ಹೋದದ್ದು 2018ರಲ್ಲಿ. ಮಣ್ಣಿನ ಮಗನೆಂದು ಹೆಸರಾದ ರೈತ ನಾಯಕನ ಅಲ್ಪಾವಧಿ ಸರ್ಕಾರವೇ ವಿದೇಶಿ ಬಂಡವಾಳಕ್ಕೆ ಬರೆದಿಟ್ಟ ನಿಯಮ ಕೊಟ್ಟದ್ದನ್ನು ಉದಾರೀಕರಣದ ಚರಿತ್ರೆಕಾರರು ಅಡಿಟಿಪ್ಪಣಿಯಲ್ಲಿ ಮುಗಿಸುತ್ತಾರೆ.

ಕೈಗಾರಿಕಾ ಸಚಿವಾಲಯದ ಏಳು ವರ್ಷಗಳಲ್ಲಿ ಎರಡು ‘ಪ್ರೆಸ್ ನೋಟ್’ಗಳು ನೆನಪಿಡಬೇಕಾದವು. ನೀತಿಯನ್ನು ಸಂಸತ್ತಿಗೆ ಒಯ್ಯದೆ ಪತ್ರಿಕಾ ಪ್ರಕಟಣೆಯ ರೂಪದಲ್ಲೇ ಹೊರಡಿಸುವ ಪದ್ಧತಿಗೆ ಆ ಹೆಸರು. 1998ರ ಡಿಸೆಂಬರ್‌ನ 18ನೇ ಪ್ರೆಸ್ ನೋಟ್ ಪ್ರಕಾರ, ಇಲ್ಲಿ ಈಗಾಗಲೇ ಪಾಲುದಾರನಿರುವ ವಿದೇಶಿ ಕಂಪನಿ ಅದೇ ವ್ಯವಹಾರದಲ್ಲಿ ಬೇರೆಯಾಗಿ ಅಂಗಡಿ ಹಾಕಬೇಕಾದರೆ ಹಳೆಯ ಪಾಲುದಾರನಿಗೆ ಧಕ್ಕೆಯಿಲ್ಲವೆಂದು ತೋರಿಸಿ ಮಂಡಳಿಯ ಅನುಮತಿ ಪಡೆಯಬೇಕು. ದೇಶಿ ಉದ್ಯಮಪತಿಗಳ ರಕ್ಷಣೆಗೆಂದು ಬಂದ ನಿಯಮ ಕ್ರಮೇಣ ನಿರಾಕ್ಷೇಪಣಾ ಪತ್ರದ ವ್ಯಾಪಾರಕ್ಕೆ ದಾರಿಯಾಯಿತು: ಬಿಡುಗಡೆ ಬೇಕಾದರೆ ಬೆಲೆ ಕೊಡು. 2005ರಲ್ಲಿ ಹೊಸ ಪಾಲುದಾರಿಕೆಗಳಿಗೆ ಅದನ್ನು ಸಡಿಲಿಸಿ, 2011ರಲ್ಲಿ ಪೂರ್ತಿ ಕೈಬಿಟ್ಟರು. ಇನ್ನೊಂದು 2000ದ ಫೆಬ್ರವರಿಯದು. ಅಲ್ಲಿಯವರೆಗೆ ಯಾವುದಕ್ಕೆ ತಾನಾಗಿಯೇ ಅನುಮತಿಯೆಂದು ಪಟ್ಟಿಯಿತ್ತು; ಅಂದಿನಿಂದ ಯಾವುದಕ್ಕೆ ಇಲ್ಲವೆಂದು ಪಟ್ಟಿ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಮಂಡಳಿಯ ಮುಂದೆ ಬರಬೇಕಾಗಿಲ್ಲ. ಆ ವರ್ಷದ ಜೂನ್ 1ರಂದು ಫೆರಾ ಹೋಗಿ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ, ಅಂದರೆ ಫೆಮಾ, ಜಾರಿಯಾಯಿತು. ಮಂಡಳಿಯ ಕೊನೆ ಶುರುವಾದದ್ದು 2017ರಲ್ಲಿ ಅಲ್ಲ, ಈ ಪಟ್ಟಿ ತಿರುಗಿಸಿದ ದಿನ ಎಂದರೆ ಅತಿಶಯೋಕ್ತಿಯಾಗದು.

2003ರಲ್ಲಿ ಮೂರನೆಯ ಮನೆ: ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆ. ನೀತಿ ಬರೆಯುವುದು ಕೈಗಾರಿಕಾ ಇಲಾಖೆಯಲ್ಲೇ ಉಳಿಯಿತು, ಅರ್ಜಿ ತೀರ್ಮಾನ ಇಲ್ಲಿಗೆ ಬಂತು. ನಿಯಮ ಬರೆದವರೊಬ್ಬರು, ಅರ್ಥ ಮಾಡುವವರು ಇನ್ನೊಬ್ಬರು. ಸಾಫ್ಟ್‌ವೇರ್, ಕಾರು, ರಸ್ತೆಗಳಿಗೆಲ್ಲ ಬಾಗಿಲು ತಾನೇ ತೆರೆದಿದ್ದರಿಂದ ಈಗ ಮೇಜಿಗೆ ಬರುತ್ತಿದ್ದವು ವಿಮೆ, ಟೆಲಿಕಾಂ, ಟಿವಿ ವಾಹಿನಿ, ರಕ್ಷಣೆ, ಔಷಧಿ, ಚಿಲ್ಲರೆ ವ್ಯಾಪಾರದಂಥ ರಾಜಕೀಯ ಬಿಸಿಯ ವಿಷಯಗಳು. 600 ಕೋಟಿ ರೂಪಾಯಿವರೆಗಿನ ಪ್ರಸ್ತಾವಕ್ಕೆ ಹಣಕಾಸು ಸಚಿವರ ಸಹಿ, ಮೇಲ್ಪಟ್ಟದ್ದಕ್ಕೆ ಸಂಪುಟ ಸಮಿತಿ. ಈ ಮಿತಿ 2010ರಲ್ಲಿ 1200 ಕೋಟಿಗೆ, 2015ರ ಹೊತ್ತಿಗೆ 5000 ಕೋಟಿಗೆ ಏರಿತು.

ಈ ಕಾಲದ ಮಂಡಳಿಯ ಸ್ವಭಾವ ತಿಳಿಯಬೇಕಾದರೆ ಐಕಿಯಾ ಕಡತ ಸಾಕು. 2012ರಲ್ಲಿ ಸ್ವೀಡನ್ ಮೂಲದ ಈ ಪೀಠೋಪಕರಣ ಕಂಪನಿ 10,500 ಕೋಟಿ ರೂಪಾಯಿ ಹೂಡುವುದಾಗಿ ಅರ್ಜಿ ಹಾಕಿತು. ಒಂದೇ ಬ್ರಾಂಡಿನ ಚಿಲ್ಲರೆ ವ್ಯಾಪಾರದಲ್ಲಿ ಪೂರ್ಣ ಒಡೆತನಕ್ಕೆ ಆ ಜನವರಿಯಲ್ಲಷ್ಟೇ ಅವಕಾಶವಾಗಿತ್ತು. ನವೆಂಬರ್‌ನಲ್ಲಿ ಮಂಡಳಿ ಒಪ್ಪಿತು, ಆದರೆ ಕಂಪನಿ ಮಾರಬೇಕೆಂದಿದ್ದ ಹಲವು ಬಗೆಯ ಸಾಮಾನುಗಳನ್ನು, ಅಂಗಡಿಯೊಳಗಿನ ಊಟದ ಕೆಫೆಯನ್ನೂ, ಬೇಡವೆಂದು ಹೊಡೆದುಹಾಕಿತು. ಕುರ್ಚಿ ಮಾರುವ ಅಂಗಡಿಯಲ್ಲಿ ಗಿರಾಕಿ ತಿಂಡಿ ತಿನ್ನಬಹುದೇ ಎಂಬ ಪ್ರಶ್ನೆ ಭಾರತ ಸರ್ಕಾರದ ಹಿರಿಯ ಕಾರ್ಯದರ್ಶಿಗಳ ಮುಂದೆ ಹೀಗೆ ಬಂತು. 2013ರ ಜನವರಿಯಲ್ಲಿ ಮರುಪರಿಶೀಲಿಸಿ ಕೆಫೆಗೂ ಒಪ್ಪಿದರು, ಮೇ ತಿಂಗಳಲ್ಲಿ ಸಂಪುಟ ಒಪ್ಪಿತು. ಮೊದಲ ಅಂಗಡಿ ಹೈದರಾಬಾದಿನಲ್ಲಿ ತೆರೆದದ್ದು 2018ರ ಆಗಸ್ಟ್‌ನಲ್ಲಿ, ಆ ಹೊತ್ತಿಗೆ ಒಪ್ಪಿಗೆ ಕೊಟ್ಟ ಮಂಡಳಿಯೇ ಇರಲಿಲ್ಲ. ಬೆಂಗಳೂರಿನ ನಾಗಸಂದ್ರಕ್ಕೆ ಬಂದದ್ದು 2022ರ ಜೂನ್‌ನಲ್ಲಿ. ದೆಹಲಿಯ ಕಾಗದಕ್ಕೆ ಹಿಡಿದದ್ದು ಒಂದು ವರ್ಷದೊಳಗಿನ ಕಾಲ, ಮೊದಲ ಅಂಗಡಿಯ ನೆಲಕ್ಕೆ ಹಿಡಿದದ್ದು ಐದು ವರ್ಷ.

ಎರಡು ಒಪ್ಪಿಗೆಗಳು ಅಕ್ರಮದ ಆರೋಪ ಹೊತ್ತು ನ್ಯಾಯಾಲಯದ ಮೆಟ್ಟಿಲೇರಿದವು: 2006ರ ಏರ್‌ಸೆಲ್-ಮ್ಯಾಕ್ಸಿಸ್ ಮತ್ತು 2007ರ ಐಎನ್‌ಎಕ್ಸ್ ಮೀಡಿಯಾ. ಆರೋಪಗಳು ಇನ್ನೂ ಸಾಬೀತಾಗಿಲ್ಲ, ಆರೋಪಿಗಳು ಅಲ್ಲಗಳೆದಿದ್ದಾರೆ, ಆದ್ದರಿಂದ ಇಲ್ಲಿ ಅವುಗಳ ಗುಣದೋಷಕ್ಕೆ ಇಳಿಯುವಂತಿಲ್ಲ. ಆದರೆ ಎರಡನೆಯ ಪ್ರಕರಣದಲ್ಲಿ ಸಿಬಿಐ ಎಫ್‌ಐಆರ್ ದಾಖಲಿಸಿದ್ದು 2017ರ ಮೇ 15ರಂದು, ಮಂಡಳಿಯನ್ನು ರದ್ದುಪಡಿಸುವ ತೀರ್ಮಾನ ಸಂಪುಟದಲ್ಲಿ ಆದದ್ದು ಮೇ 24ರಂದು. ಹತ್ತಿರದ ಈ ತಾರೀಖುಗಳನ್ನು ನೋಡಿ ಒಂದಕ್ಕೊಂದು ಕಾರಣವೆಂದು ಬರೆದವರಿದ್ದಾರೆ. ಆದರೆ ರದ್ದತಿಯನ್ನು ಹಣಕಾಸು ಸಚಿವ ಅರುಣ್ ಜೇಟ್ಲಿ ಫೆಬ್ರವರಿ 1ರ ಬಜೆಟ್‌ನಲ್ಲೇ ಸಾರಿಯಾಗಿತ್ತು. ಬರುವ ಹೂಡಿಕೆಯಲ್ಲಿ ಶೇಕಡ 90ಕ್ಕೂ ಹೆಚ್ಚು ಸ್ವಯಂಚಾಲಿತ ಮಾರ್ಗದಲ್ಲೇ ಬರುತ್ತಿದೆ ಎಂಬುದು ಅವರು ಕೊಟ್ಟ ಕಾರಣ. 1991–92ರಲ್ಲಿ ಹದಿಮೂರು ಕೋಟಿ ಡಾಲರ್‌ನಷ್ಟಿದ್ದ ವಾರ್ಷಿಕ ನೇರ ಹೂಡಿಕೆ 2016–17ರಲ್ಲಿ ಆರು ಸಾವಿರ ಕೋಟಿ ಡಾಲರ್ ಮುಟ್ಟಿತ್ತು. ಅದರಲ್ಲಿ ದೊಡ್ಡ ಪಾಲು ಮಾರಿಷಸ್ ಎಂಬ ಪುಟ್ಟ ದ್ವೀಪದ ವಿಳಾಸ ಹೊತ್ತು ಬಂದದ್ದು 1982ರ ತೆರಿಗೆ ಒಪ್ಪಂದದ ಮಹಿಮೆ, ಆ ಕಥೆಗೆ ಇನ್ನೊಂದು ಲೇಖನವೇ ಬೇಕು.

ಮಂಡಳಿ ಹೋದರೂ ಅರ್ಜಿ ನಿಲ್ಲಲಿಲ್ಲ. ಒಪ್ಪಿಗೆ ಬೇಕಾದ ಕ್ಷೇತ್ರಗಳು ಆಯಾ ಸಚಿವಾಲಯಕ್ಕೆ ಹಂಚಿಕೆಯಾದವು, ಅರ್ಜಿ ಸಲ್ಲಿಸಲು ಒಂದು ಅಂತರ್ಜಾಲ ಪೋರ್ಟಲ್ ಬಂತು, ಎಂಟು ಹತ್ತು ವಾರಗಳ ಗಡುವು ಬರೆಯಲಾಯಿತು. ಹೂಡಿಕೆದಾರರ ಕೈಹಿಡಿದು ನಡೆಸುವ ಕೆಲಸವನ್ನು 2009ರಲ್ಲೇ ಹುಟ್ಟಿದ ಇನ್ವೆಸ್ಟ್ ಇಂಡಿಯಾ ವಹಿಸಿಕೊಂಡಿತು. ಹಲವು ಕಾರ್ಯದರ್ಶಿಗಳು ಒಂದೇ ಮೇಜಿಗೆ ಕೂರುವ ಅಮರನಾಥ ವರ್ಮಾ ಕಾಲದ ಏರ್ಪಾಡು ಮಾತ್ರ ಹೊಸ ವ್ಯವಸ್ಥೆಯಲ್ಲಿ ಇರಲಿಲ್ಲ.

ಅದು ಮರಳಿದ್ದು ಬೇರೆ ಬಾಗಿಲಿನಿಂದ. 2020ರ ಏಪ್ರಿಲ್ 17ರಂದು, ಕೋವಿಡ್ ಲಾಕ್‌ಡೌನ್ ನಡುವೆ, 3ನೇ ಪ್ರೆಸ್ ನೋಟ್ ಹೊರಟಿತು. ಭಾರತದ ಜತೆ ಭೂಗಡಿ ಹಂಚಿಕೊಂಡ ದೇಶಗಳಿಂದ ಬರುವ ಹಣ, ಕ್ಷೇತ್ರ ಯಾವುದೇ ಇರಲಿ, ಪಾಲು ಎಷ್ಟೇ ಇರಲಿ, ಸರ್ಕಾರದ ಪೂರ್ವಾನುಮತಿ ಪಡೆದೇ ಬರಬೇಕೆಂದು ಅದು ಹೇಳಿತು. ಹೆಸರು ಬರೆಯದಿದ್ದರೂ ಕಣ್ಣು ಚೀನಾ ಮೇಲಿತ್ತು. ಎರಡು ತಿಂಗಳಲ್ಲಿ ಚೀನಾ ಸೇನೆಯೊಡನೆ ಗಲ್ವಾನ್ ಘರ್ಷಣೆ ನಡೆದ ಮೇಲೆ ಅರ್ಜಿಗಳ ನಡೆ ಇನ್ನಷ್ಟು ನಿಧಾನವಾಯಿತು. ನರಸಾಪುರ, ದೇವನಹಳ್ಳಿಗಳಲ್ಲಿ ಮೊಬೈಲ್ ಜೋಡಣೆಯ ದೊಡ್ಡ ಘಟಕಗಳು ಎದ್ದ ವರ್ಷಗಳೂ ಇವೇ, ಅಂಥ ಘಟಕಗಳಿಗೆ ಬಿಡಿಭಾಗ ಮಾಡುವವರಲ್ಲಿ ಚೀನಾ ಮೂಲದವರು ಬಹಳ. ಇಂಥ ಪ್ರಸ್ತಾವಗಳನ್ನು ತೂಗಿ ನೋಡಲು ಸಚಿವಾಲಯಗಳ ಜಂಟಿ ಸಮಿತಿಯೊಂದು ರಚನೆಯಾಯಿತು. 1991ರಲ್ಲಿ ಪ್ರಧಾನಿಯ ಪ್ರಧಾನ ಕಾರ್ಯದರ್ಶಿ, 1996ರಲ್ಲಿ ಕೈಗಾರಿಕಾ ಕಾರ್ಯದರ್ಶಿ, 2003ರಲ್ಲಿ ಆರ್ಥಿಕ ವ್ಯವಹಾರಗಳ ಕಾರ್ಯದರ್ಶಿ ಕೂತ ಅಧ್ಯಕ್ಷರ ಜಾಗದಲ್ಲಿ ಈ ಸಮಿತಿಯಲ್ಲಿ ಕೂತವರು ಗೃಹ ಕಾರ್ಯದರ್ಶಿ.